ಕೆಳಕ್ಕೆ ಹೊಡೆಯುವ ಡಬ್ಬ

"ಇದಕ್ಕಿಂತ ನಮ್ಮತ್ತೆ ಬಿಕ್ಕಳಿಸಿದ್ರೆ ಜಾಸ್ತಿ ಅದುರುತ್ತೆ ಕಣಯ್ಯಾ!"

ಷಡ್ಡಕ ಹೀಗೆ ಅಂದದ್ದು ಪಂಪುವಿನ ಮಾವನ ಎದುರಿಗೆ, ಅತ್ತೆಯ ಎದುರಿಗೆ, ಹೆಂಡತಿಯ ಎದುರಿಗೆ. ಸಾಲದ್ದಕ್ಕೆ, ಸಕ್ಕರೆ ಕೇಳಲು ಬಂದು ಬಾಗಿಲಲ್ಲೇ ನಿಂತಿದ್ದ ಕೆಳಮನೆಯ ಟೀಚರಮ್ಮನ ಎದುರಿಗೆ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು, ನಗುನಗುತ್ತ ಅವರಿಗೆ ನಿಜವಾಗಿಯೇ ಒಂದು ಬಿಕ್ಕಳಿಕೆ ಬಂತು. ಷೋಕೇಸಿನ ಗಾಜು ಕಿಣಿ ಅಂದಿತು.

ಪಂಪು ಮಾತ್ರ ನಗಲಿಲ್ಲ. ಪಂಪು ಅನ್ನುವುದು ಅವನ ಹೆಸರಲ್ಲ, ಕಸುಬು. ಊರಿನ ನೀರೆತ್ತುವ ಮೋಟಾರುಗಳನ್ನೆಲ್ಲ ಬಿಚ್ಚಿ ಜೋಡಿಸಿ ಬಿಲ್ಡಿಂಗಿನವರ ಬಾಯಲ್ಲಿ ಅದೇ ಹೆಸರಾಗಿತ್ತು. ಮನೆಯಲ್ಲಿ ಒಂದು ಹೋಂ ಥಿಯೇಟರ್ ಮಾಡಬೇಕೆಂಬುದು ಅವನ ಬಹುದಿನದ ಆಸೆ. ಟಿವಿ ಇತ್ತು, ಸಣ್ಣ ಸ್ಪೀಕರುಗಳಿದ್ದವು. ಎದೆಗೆ ಗುದ್ದುವ ಸಬ್‌ವೂಫರ್ ಒಂದೇ ಬಾಕಿ. ಅದನ್ನೂ ಮೊನ್ನೆ ಹಳೇ ಸಾಮಾನಿನ ಅಂಗಡಿಯಿಂದ ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿಸಿದ್ದ.

"ಇದು ಡೌನ್ ಫೈರಿಂಗ್ ಅಣ್ಣಾ, ಬಾಯಿ ಹೊಟ್ಟೆ ಕೆಳಗಿದೆ. ಸದ್ದನ್ನ ಕೆಳಕ್ಕೆ ಹೊಡೆಯುತ್ತೆ. ದಾರಿ ಬಿಟ್ಟು ಇಡಿ" ಎಂದಿದ್ದ ಅಂಗಡಿಯವನು.

ಬೇರೆಯವರಾಗಿದ್ದರೆ ಡಬ್ಬದಡಿ ಎರಡು ಬೆರಳು ಸಂದು ಬಿಟ್ಟು ಸುಮ್ಮನಾಗುತ್ತಿದ್ದರು. ಆದರೆ ಪಂಪು ಪಂಪಿನವನು. ಕೆಳಕ್ಕೆ ಹೋಗುವುದಕ್ಕೆ ಪೈಪು ಬೇಡವೆ? ನಡುಮನೆಯ ಮೂಲೆಯಲ್ಲಿ ಹಿಂದೊಮ್ಮೆ ಕೈ ತೊಳೆಯುವ ಬೇಸಿನ್ ಇತ್ತು. ಅದನ್ನು ಕಿತ್ತ ಮೇಲೆ ನೆಲದಲ್ಲಿ ಅಂಗೈಯಗಲದ ಪೈಪಿನ ಬಾಯಿ ಉಳಿದಿತ್ತು. ಡಬ್ಬವನ್ನು ಅಳತೆ ಹಿಡಿದು ಅದರ ಮೇಲೆಯೇ ಕೂರಿಸಿದ.

ಷಡ್ಡಕ ಟೈಲ್ಸ್ ಅಂಗಡಿಯ ಮ್ಯಾನೇಜರ್. ಏನನ್ನು ಕಂಡರೂ ಬೆರಳ ಗೆಣ್ಣಿನಿಂದ ಕುಟ್ಟಿ, ಟೊಳ್ಳೋ ಗಟ್ಟಿಯೋ ಎಂದು ತೀರ್ಪು ಕೊಡುವ ಚಾಳಿ. ಈಗಲೂ ಡಬ್ಬ ಕುಟ್ಟಿ "ಟೊಳ್ಳು" ಅಂದ. ತನ್ನ ಹಣೆಯನ್ನು ಅವನು ಒಮ್ಮೆಯೂ ಕುಟ್ಟಿ ನೋಡಿಕೊಂಡವನಲ್ಲ. ಇಂಥವರಿಗೆ ಹೊರಗಿನ ಪಾಲಿಷ್ ಒಂದೇ ಜೋರು.

"ಸಂಜೆ ಐದಕ್ಕೆ ಬನ್ನಿ" ಎಂದ ಪಂಪು, ಕಿವಿ ಕೆಂಪಾಗಿ. "ಮಾವ ಎದೆ ಹಿಡ್ಕೊಂಡು ಕೂರ್ಬೇಕು, ಹಂಗೆ ಹೊಡೆಸ್ತೀನಿ."

"ಹೊಡೆಸಿ" ಎಂದಳು ಹೆಂಡತಿ. "ಐದಕ್ಕೆ ಸದ್ದು ಬರ್ಲಿಲ್ಲ ಅಂದ್ರೆ ಡಬ್ಬ ಆಚೆ, ನನ್ನ ಹೊಲಿಗೆ ಮಷಿನ್ ಈ ಮೂಲೆಗೆ. ಅಪ್ಪಾ, ನೀವೇ ಸಾಕ್ಷಿ."

ಎರಡು ವರ್ಷದಿಂದ ಅವಳ ಮಷಿನ್ ಅಡುಗೆಮನೆಯಲ್ಲಿ ಸಿಲಿಂಡರಿನ ಪಕ್ಕ ಕೂತಿತ್ತು. ಅವಳು ಹೊಲಿದ ರವಿಕೆಗಳೆಲ್ಲ ಈರುಳ್ಳಿ ವಾಸನೆ ಹೊಡೆಯುತ್ತಿದ್ದವು. ಮಾವ ಹ್ಞೂಂ ಎಂದು ತಲೆಯಾಡಿಸಿದರು. ಪಂಪುವಿಗೆ ಆ ಮೂಲೆ ಬಿಟ್ಟರೆ ಮನೆಯಲ್ಲಿ ಬೇರೆ ರಾಜ್ಯವಿರಲಿಲ್ಲ.

ಬಂದವರೆಲ್ಲ ಹೊರಟ ಮೇಲೆ ಪಂಪು ನೆಲಕ್ಕೆ ಕೆನ್ನೆ ಕೊಟ್ಟು ಮಲಗಿದ. ವೈರು ಬದಲಿಸಿದ. ಹಿಂದೆ 'ಫೇಸ್' ಎಂದು ಬರೆದ ಒಂದು ಸ್ವಿಚ್ಚು ಕಣ್ಣಿಗೆ ಬಿತ್ತು.

"ಲೇ ಇವಳೇ, ಸಿಕ್ತು! ಇದು ಮೂರು ಫೇಸಿನ ಐಟಂ. ನಮ್ಮನೆಗೆ ಒಂದೇ ಫೇಸ್ ಬರೋದು!"

"ಬಾಯಿ ಮುಚ್ಚಿ. ಪ್ಲಗ್ಗಿಗೆ ಎರಡೇ ಕಾಲಿದೆ."

ಆ ಸ್ವಿಚ್ಚನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ವಾಲ್ಯೂಮ್ ಅರ್ಧಕ್ಕೆ ಏರಿಸಿದ. ಮುದುಕ ಗೊಣಗಿದಂತೆ ಒಂದು ಸಣ್ಣ ಗುರುಗುರು, ಅಷ್ಟೇ.

ಅಷ್ಟರಲ್ಲಿ ಬಾಗಿಲು ದಬದಬ. ಬಿಲ್ಡಿಂಗಿನ ಸೆಕ್ರೆಟರಿ. ಸೊಂಟದಲ್ಲಿ ಬೀಗದ ಕೈ ಗೊಂಚಲು, ಮಾತೆಲ್ಲ ನೋಟೀಸಿನ ಧಾಟಿ.

"ಈ ಮೂಲಕ ತಿಳಿಸೋದೇನಂದ್ರೆ, ಕೆಳಗೆ ಪಂಪು ಮೋಟಾರು ಗುಡುಗುಡು ಅಂತಿದೆ. ತಕ್ಷಣ ಬರತಕ್ಕದ್ದು."

ಪಂಪು ಕಸುಬಿನ ಶಿಸ್ತಿನವನು. ಎಲ್ಲ ಸ್ವಿಚ್ಚು ಆರಿಸಿಯೇ ಹೊರಟ. ಮೋಟಾರಿನ ಕೋಣೆಯಲ್ಲಿ ತೊಟ್ಟಿಲ ಮಗು ನಿದ್ದೆ ಹೋದಷ್ಟು ನಿಶ್ಶಬ್ದ.

"ಈಗ ತಾನೇ ಇತ್ತಪ್ಪಾ! ನನ್ನ ಕನ್ನಡಕ ಮೇಜಿಂದ ನಡ್ಕೊಂಡು ಹೋಯ್ತು!"

"ಏರ್‌ಲಾಕ್ ಸಾರ್, ಗಾಳಿ ಸಿಕ್ಕೊಂಡಿತ್ತು" ಎಂದ ಪಂಪು. ಎರಡು ಬೋಲ್ಟು ಬಿಗಿದ. "ಇನ್ನು ಉಸಿರೆತ್ತಲ್ಲ."

"ಕೈ ಅಂದ್ರೆ ನಿಂದು ಕೈ" ಎಂದು ಸೆಕ್ರೆಟರಿ ಬೆನ್ನು ತಟ್ಟಿದರು.

ತಾನೇ ಅಂದ ಮಾತು ಪಂಪುವಿಗೆ ದಾರಿ ತೋರಿಸಿತು. ಏರ್‌ಲಾಕ್! ಡಬ್ಬದ ಸುತ್ತ ಗಾಳಿ ಸೋರುತ್ತಿರಬೇಕು, ಅದಕ್ಕೇ ಸದ್ದು ಕಟ್ಟುತ್ತಿಲ್ಲ. ಮೇಲೆ ಬಂದವನೇ ಸೈಕಲ್ಲಿನ ಹಳೇ ಟ್ಯೂಬು ಕತ್ತರಿಸಿ, ಡಬ್ಬಕ್ಕೂ ಪೈಪಿನ ಬಾಯಿಗೂ ನಡುವೆ ರಬ್ಬರ್ ವಾಷರ್ ಕೂರಿಸಿ, ಇರುವೆಯೂ ನುಸುಳದ ಹಾಗೆ ಬಿಗಿ ಮಾಡಿದ. ವಾಲ್ಯೂಮ್ ಮುಕ್ಕಾಲಿಗೆ ತಂದ.

ಇದ್ದ ಗುರುಗುರುವೂ ನಿಂತುಹೋಯಿತು.

"ಚೆನ್ನಾಗಿದೆ" ಎಂದಳು ಹೆಂಡತಿ, ಟೇಪಿನಿಂದ ಮೂಲೆಯ ಅಳತೆ ತೆಗೆಯುತ್ತ. "ಮಷಿನ್ ಇಲ್ಲಿ, ಸ್ಟೂಲ್ ಅಲ್ಲಿ."

ಮತ್ತೆ ಬಾಗಿಲು ದಬದಬ. ಈ ಸಲ ಟೀಚರಮ್ಮನೂ ಜೊತೆಗೆ. "ಅಡುಗೆಮನೆ ಅಟ್ಟದಿಂದ ತಟ್ಟೆ ಎಲ್ಲಾ ಒಂದೊಂದಾಗಿ ಇಳ್ಕೊಂಡು ಬರ್ತಾ ಇವೆ ಕಣೋ ಮಾರಾಯಾ! ಮಕ್ಕಳು ಲೈನಲ್ಲಿ ಬಂದ ಹಾಗೆ! ಏನೋ ರಿಪೇರಿ ಮಾಡ್ದೆ ನೀನು?"

ಕಸುಬಿನ ಮೇಲೆ ಬಂದ ಮಾತು. ಪಂಪು ಎಲ್ಲ ಆರಿಸಿ, ಚೀಲ ಹೆಗಲಿಗೇರಿಸಿ ಇಳಿದ. ಮತ್ತೆ ನಿಶ್ಶಬ್ದ. ಆದರೆ ಈ ಸಲ ಬರಿಗೈಯಲ್ಲಿ ಹೋಗುವ ಹಾಗಿರಲಿಲ್ಲ. ನೀರು ನಿಲ್ಲಿಸಿದ, ಮೋಟಾರು ಬಿಚ್ಚಿದ. ನಟ್ಟು, ಬೋಲ್ಟು, ಬೇರಿಂಗು, ಎಲ್ಲವನ್ನೂ ಹಳೇ ಪೇಪರಿನ ಮೇಲೆ ಹರವಿದ. ಬೇರಿಂಗು ಮದುಮಗನ ಹಾಗೆ ಥಳಥಳ ಹೊಳೆಯುತ್ತಿತ್ತು. ಎಲ್ಲಿಯೂ ಒಂದು ಗೀರಿಲ್ಲ. ಹಾಗೆಂದು ಹೇಳಿದರೆ ಮರ್ಯಾದೆ ಉಳಿದೀತೆ?

"ಒಳಗೆ ಪೂರಾ ಹೋಗಿದೆ ಸಾರ್" ಎಂದ, ಡಾಕ್ಟರ ಮುಖ ಮಾಡಿಕೊಂಡು. "ನೋಡ್ದೇ ಬಿಟ್ಟಿದ್ರೆ ಬಿಲ್ಡಿಂಗೇ ಎದ್ದು ನಡೀತಿತ್ತು."

ಬಿಚ್ಚುವಷ್ಟು ಬೇಗ ಜೋಡಿಸಲಾಗಲಿಲ್ಲ. ಸ್ಪ್ರಿಂಗೊಂದು ಹಾರಿ ಎಲ್ಲೋ ಅಡಗಿತು. ಅದನ್ನು ಹುಡುಕುತ್ತ ಪಂಪು ಮೊಣಕಾಲೂರಿದ್ದಾಗ ಕೊಳಾಯಿಗಳು ಒಂದೊಂದಾಗಿ ಬತ್ತಿದವು, ಮನೆಗಳವರು ಒಬ್ಬೊಬ್ಬರಾಗಿ ಇಳಿದರು. ಸ್ನಾನದ ನಡುವೆ ಸಿಕ್ಕಿಬಿದ್ದ ಸೆಕ್ರೆಟರಿ ಟವೆಲ್ಲಿನಲ್ಲೇ ಬಂದರು. ಒಂದು ಕಿವಿಯಲ್ಲಿ ಸೋಪು ಒಣಗಿ ಸುಣ್ಣ ಬಳಿದ ಹಾಗಿತ್ತು. ಬೀಗದ ಕೈ ಗೊಂಚಲು ಮಾತ್ರ ಟವೆಲ್ಲಿಗೂ ಸಿಕ್ಕಿಸಿಕೊಂಡಿದ್ದರು.

ಸರಿಯಾಗಿ ಐದಕ್ಕೆ ಷಡ್ಡಕ ಮಾವನನ್ನು ಕರೆದುಕೊಂಡು ಗೇಟು ದಾಟಿ ಬಂದ. ಅವರನ್ನು ಕಿಟಕಿಯಿಂದ ಕಂಡ ಹೆಂಡತಿ, ಆಡಿದ ಮಾತು ನ್ಯಾಯವಾಗಿಯೇ ನಡೆಯಲಿ ಎಂದು ಡಬ್ಬದ ಸ್ವಿಚ್ಚು ಹಾಕಿ ವಾಲ್ಯೂಮ್ ಪೂರ್ತಿ ತಿರುಗಿಸಿದಳು.

ಗುಡ್. ಗುಡ್. ಗುಡುಗುಡುಗುಡ್!

ಮೋಟಾರಿನ ಕೋಣೆ ನಡುಗಿತು. ಪೇಪರಿನ ಮೇಲೆ ನಟ್ಟು ಬೋಲ್ಟುಗಳು ಕುಣಿಯತೊಡಗಿದವು. ಅಡಗಿದ್ದ ಸ್ಪ್ರಿಂಗು ತಾನಾಗಿಯೇ ಹೊರಗೆ ಬಂತು.

"ಮೋಟಾರು ಚೂರು ಚೂರಾಗಿ ಬಿದ್ದಿದೆ" ಎಂದರು ಟೀಚರಮ್ಮ, ಬೆರಳು ತೋರಿಸಿ. "ಆದ್ರೂ ಸದ್ದು ಮಾಡ್ತಿದೆ!"

ಎಲ್ಲರೂ ಪಂಪುವನ್ನು ನೋಡಿದರು. ಪಂಪು ಪೈಪನ್ನು ನೋಡಿದ. ಗೋಡೆಗುಂಟ ಮೇಲೇರಿದ ಹಳೇ ಪೈಪು, ಒಂದನೇ ಮಹಡಿ, ಎರಡನೇ ಮಹಡಿ... ಮೂರನೆಯದರ ಮೂಲೆ. ಅವನ ಬಾಯಿ ತೆರೆದೇ ಉಳಿಯಿತು. ಎಂಥಾ ಸದ್ದು! ಎಂಥಾ ಚಿನ್ನದಂಥ ಡಬ್ಬ!

ಷಡ್ಡಕ ಗುಂಪು ಸರಿಸಿ ಮುಂದೆ ಬಂದ. ಪೈಪನ್ನು ಬೆರಳ ಗೆಣ್ಣಿನಿಂದ ಕುಟ್ಟಿದ. "ಗಟ್ಟಿ!" ಎಂದ. "ಮಾವ, ಇಲ್ಲಿ ನಿಂತ್ಕೊಳ್ಳಿ. ಬೇಸ್ ಅಂದ್ರೆ ಇದು!"

ಮಾವ ಎರಡೂ ಕೈಯಲ್ಲಿ ಎದೆ ಹಿಡಿದುಕೊಂಡರು. ಮುಖ ಅರಳಿತು. "ಹೌದಲ್ಲೋ! ಒಳಗೇ ಬಂದು ಗುದ್ದುತ್ತೆ!"

"ಬಿಚ್ಚಿ ಹಾಕಿದ ಮೋಟಾರೇ ಹಿಂಗೆ ಹೊಡೀತಿದೆ. ನಿಮ್ಮ ಅಳಿಯ ಆ ಡಬ್ಬ ಎಸೆದು ಈ ತುಕ್ಕು ಪೈಪನ್ನೇ ಟಿವಿಗೆ ಸಿಕ್ಕಿಸ್ಲಿ!" ಎಂದ ಷಡ್ಡಕ.

ಉತ್ತರ ಪಂಪುವಿನ ನಾಲಗೆಯ ತುದಿಗೆ ಬಂದಿತ್ತು. ಎರಡೇ ಮಾತು: ಅದು ನನ್ನದು. ಅಷ್ಟು ಅಂದರೆ ಷಡ್ಡಕನ ಪಾಲಿಷ್ ಅಲ್ಲೇ ಉದುರುತ್ತಿತ್ತು, ಮೂಲೆಯೂ ಉಳಿಯುತ್ತಿತ್ತು.

ಆಗ ಸೆಕ್ರೆಟರಿ ಟವೆಲ್ಲು ಬಿಗಿ ಮಾಡಿಕೊಂಡರು. "ಈ ಮೂಲಕ ತಿಳಿಸೋದೇನಂದ್ರೆ, ಇದು ಯಾರ ಮನೆ ಕಿತಾಪತಿ ಅಂತ ಗೊತ್ತಾಗ್ಲಿ, ಒಂದು ತಿಂಗಳು ಪ್ರತಿ ಮನೆಗೂ ಅವನೇ ಕೊಡದಲ್ಲಿ ನೀರು ಹೊರತಕ್ಕದ್ದು. ಮೂರು ಮಹಡಿ!"

"ಮೊದಲು ನಮ್ಮನೆಗೆ" ಎಂದರು ಟೀಚರಮ್ಮ.

ಮೇಲಿನಿಂದ ಹೆಂಡತಿಯ ದನಿ ಕೇಳಿಸಿತು. ಕಿಟಕಿಯಲ್ಲಿ ಅರ್ಧ ಮೈ ಹೊರಹಾಕಿ, ಕುತ್ತಿಗೆಯಲ್ಲಿ ಅಳತೆಯ ಟೇಪು ತೂಗಿಸಿಕೊಂಡು, ಖುಷಿಯಲ್ಲಿ ಕೂಗುತ್ತಿದ್ದಳು:

"ರೀ! ಪೂರ್ತಿ ತಿರುಗಿಸಿದೀನಿ! ಇಲ್ಲಿ ಪಿಸ್ ಅಂತಲೂ ಇಲ್ಲ! ಮಷಿನ್ ತಂದು ಇಡ್ಲಾ?"

ಗುಂಪೆಲ್ಲ ಗೊಳ್ಳೆಂದಿತು. "ಹೇಳಯ್ಯಾ, ಇಡ್ಲಾ ಅಂತ ಕೇಳ್ತಿದ್ದಾಳೆ!" ಎಂದ ಷಡ್ಡಕ.

ಪಂಪು ತೆರೆದ ಬಾಯಿ ಮುಚ್ಚಿದ. ಕೈಯ ಗ್ರೀಸು ಪ್ಯಾಂಟಿಗೆ ಒರೆಸಿಕೊಂಡ. ಹೊಲಿಗೆ ಮಷಿನ್ ಮೂಲೆಗೆ ಎತ್ತಿಡಲು ತಾನೇ ಮೆಟ್ಟಿಲ ಕಡೆ ನಡೆದ. ಗೋಡೆಯ ಪೈಪಿನ ಗುಡ್ ಗುಡ್ ಎದೆಗೆ ಬಡಿಯುತ್ತಿತ್ತು. ಅವನ ಹೆಜ್ಜೆಗಳು ಒಂದೊಂದೂ ಅದರ ತಾಳಕ್ಕೆ ಸರಿಯಾಗಿ ಬೀಳುತ್ತಿದ್ದವು.