ಮಾವನ ಕೋಟು, ಏರುವ ಆಯಿಲ್

ಲೋಕದಲ್ಲಿ ಎಲ್ಲರ ಕಾರಿನಲ್ಲೂ ಎಂಜಿನ್ ಆಯಿಲ್ ಓಡಿಸಿದಷ್ಟೂ ಕಡಿಮೆಯಾಗುತ್ತದೆ. ಚೀನಾದ ಹಾರ್ಬಿನ್ ನಗರದ ಲಾವ್ ಪಾಂಗರ ಕಾರಿನಲ್ಲಿ ಮಾತ್ರ ಆ ಚಳಿಗಾಲ ಅದು ವಾರದಿಂದ ವಾರಕ್ಕೆ ಹೆಚ್ಚುತ್ತಾ ಹೋಯಿತು. ಅವರಂತೂ ಒಂದು ತೊಟ್ಟೂ ಹೊಯ್ದಿರಲಿಲ್ಲ. ಕೇಳದೆ ಹೊಯ್ಯುವಂಥವರು ಮನೆಯಲ್ಲಿ ಒಬ್ಬರೇ ಇದ್ದರು. ಅವರು ಕಳೆದ ವಸಂತದಲ್ಲಿ ತೀರಿಕೊಂಡಿದ್ದರು.

ಅವರೇ ಪಾಂಗರ ಮಾವ. ನಲವತ್ತು ವರ್ಷ ಕಾಡಿನ ದಿಮ್ಮಿ ಸಾಗಿಸುವ ಹಳೆಯ ಪೆಟ್ರೋಲ್ ಲಾರಿ ಓಡಿಸಿದವರು. ಎಷ್ಟು ಸೋಪು ಹಚ್ಚಿ ತೊಳೆದರೂ ಅವರ ಕೈಯಿಂದ ಪೆಟ್ರೋಲಿನ ವಾಸನೆ ಹೋಗುತ್ತಿರಲಿಲ್ಲ. ಅಳಿಯನನ್ನು ಕಂಡರೆ "ಊಟವಾಯಿತೇ?" ಎಂದು ಕೇಳಿದವರಲ್ಲ, "ಆಯಿಲ್ ನೋಡಿದೆಯಾ?" ಎಂದೇ ಕೇಳುವರು. ಎದುರು ಕುಳಿತವರ ಲೋಟ ಒಂದು ಬೆರಳು ಇಳಿದಿದ್ದರೆ, ಬೇಡ ಬೇಡವೆಂದರೂ ಅಂಚಿನವರೆಗೆ ತುಂಬಿಬಿಡುವರು. ಕೊನೆಗೆ ಸಕ್ಕರೆ ಕಾಯಿಲೆ ಅವರ ಒಂದು ಕಾಲನ್ನು ತಿಂದಿತು, ಆಮೇಲೆ ಅವರನ್ನೇ ತಿಂದಿತು.

ಈಗ ಅದೇ ಕಾಯಿಲೆ ಅಳಿಯನಿಗೂ ಬಂದಿತ್ತು. "ದಿನಾ ಬೆಳಿಗ್ಗೆ ನಡೆಯಬೇಕು. ಹೊಸ ವರ್ಷದೊಳಗೆ ಸಕ್ಕರೆ ಇಳಿಯದಿದ್ದರೆ ಸೂಜಿಯೇ ಗತಿ" ಎಂದಿದ್ದರು ಡಾಕ್ಟರು. ಪಾಂಗರು ಆಜ್ಞಾಧಾರಕರು. ದಿನಾ ಬೆಳಿಗ್ಗೆ ಟೋಪಿ, ಕೈಗವಸು, ಮಫ್ಲರು ಸಮೇತ ದಂಡಯಾತ್ರೆಗೆ ಹೊರಡುವಂತೆ ಹೊರಟು, ಮುಕ್ಕಾಲು ಗಂಟೆಯ ಮೇಲೆ ಕೆಂಪು ಮೂಗಿನೊಡನೆ ಹಿಂತಿರುಗುವರು. ಆದರೂ ಭಾನುವಾರ ಹೆಂಡತಿ ಯೂಚಿನ್ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಏರಿಯೇ ಇರುತ್ತಿತ್ತು. ಒಳಗೆ ಸಕ್ಕರೆ, ಹೊರಗೆ ಆಯಿಲ್. ಆ ಮನೆಯಲ್ಲಿ ಬೇರೇನೂ ಏರುತ್ತಿರಲಿಲ್ಲ.

ಪಾಂಗರ ಎದೆಯಲ್ಲಿ ಇನ್ನೊಂದು ಮುಳ್ಳಿತ್ತು. ಚೀನೀ ಪಂಚಾಂಗದ ಹತ್ತನೆಯ ತಿಂಗಳ ಪಾಡ್ಯ, ಅಗಲಿದವರಿಗೆ ಚಳಿಬಟ್ಟೆ ಕಳುಹಿಸುವ ದಿನ. ನಾಲ್ಕು ದಾರಿ ಕೂಡುವಲ್ಲಿ ಸೀಮೆಸುಣ್ಣದಿಂದ ಸುತ್ತು ಬರೆದು, ಹೆಸರು ಕೂಗಿ, ಒಳಗೆ ಬಟ್ಟೆ ಸುಡಬೇಕು. ಅಂದು ಯೂಚಿನ್ ಅಪ್ಪನ ಹಸಿರು ಕೋಟನ್ನು ಗಂಡನ ಕೈಗಿತ್ತು, "ಮೊಣಕಾಲು ಏಳಲೊಲ್ಲದು, ನೀನೇ ಸುಟ್ಟು ಬಾ" ಎಂದಿದ್ದಳು. ಒಂದಂಗುಲ ದಪ್ಪ ಹತ್ತಿ ತುಂಬಿದ ಕೋಟು! ಪಾಂಗರಿಗೆ ಮನಸ್ಸು ಬರಲಿಲ್ಲ. ಅಂಗಡಿಯ ಕಾಗದದ ಕೋಟೊಂದನ್ನು ಸುಟ್ಟು, ಅಸಲಿ ಕೋಟನ್ನು ಕಾರಿನ ಬಾನೆಟ್ಟಿಗೆ ಹೊದಿಸಿ, ಮೇಲೆ ಬೆಳ್ಳಿ ಬಣ್ಣದ ಹೊದಿಕೆ ಎಳೆದುಬಿಟ್ಟರು. (ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗಿನ ಚಳಿ; ಟರ್ಬೊ ಎಂಜಿನ್ನಿಗೂ ಒಂದು ರಜಾಯಿ ಬೇಡವೇ?)

ಕೆಲವು ವಾರಗಳ ಮೇಲೆ ಒಂದು ಭಾನುವಾರ. ಸಂಜೆ ನಾಲ್ಕಕ್ಕೇ ಕತ್ತಲಿಳಿದು ಮಂಜು ಅಂಗಳವನ್ನು ನುಂಗಿತ್ತು. ಪಾಂಗರು ಹೊದಿಕೆ ಸರಿಸಿದರು. ಮಡಿಚಿಟ್ಟಿದ್ದ ತೋಳುಗಳೆರಡೂ ಬಿಚ್ಚಿಕೊಂಡು, ಯಾರೋ ಬೋರಲಾಗಿ ಮಲಗಿ ಎಂಜಿನ್ನನ್ನು ತಬ್ಬಿಕೊಂಡಂತೆ ಕೋಟು ಹೆಪ್ಪುಗಟ್ಟಿತ್ತು. ಕೋಟಿನ ಸಮೇತ ಬಾನೆಟ್ ಎತ್ತಿ ಅಳತೆ ಕಡ್ಡಿ ಎಳೆದರು. ಮೇಲಿನ ಗೆರೆಯನ್ನು ದಾಟಿ ಒಂದು ಬೆರಳು ಹೆಚ್ಚು! ಮೂಗಿಗೆ ಹಿಡಿದರು. ಪೆಟ್ರೋಲು. ಮಾವನ ಕೈಯದೇ ವಾಸನೆ.

"ಮಾವ, ಸಾಕು," ಎಂದರು ಪಾಂಗರು ಮೆಲ್ಲಗೆ. "ತುಂಬಿದೆ."

ಟಿಕ್ ಎಂದಿತು ಒಳಗೆಲ್ಲೋ. ಸೆಟೆದಿದ್ದ ತೋಳೊಂದು ಜಾರಿ ಅವರ ಮಣಿಕಟ್ಟಿನ ಮೇಲೆ ಬಿತ್ತು.

ಐದು ಮಹಡಿ ಹತ್ತಿದ್ದು ಹೇಗೆಂದು ಪಾಂಗರಿಗೇ ತಿಳಿಯದು. ಹೆಂಡತಿಯ ಮುಂದೆ ಕೋಟಿನ ಕಥೆಯನ್ನೆಲ್ಲ ಒಪ್ಪಿಕೊಂಡರು.

"ನನ್ನಪ್ಪನನ್ನು ಕಾಗದದ ಕೋಟಿನಲ್ಲಿ ನಡುಗಿಸಿದೆಯಾ?" ಯೂಚಿನ್ ಕೂಗಿದಳು. "ಅಪ್ಪ ಕೋಟು ಹುಡುಕಿಕೊಂಡು ಬಂದಿದ್ದಾನೆ, ಲಾವ್ ಪಾಂಗ್!"

"ಬಂದವರು ಕೋಟು ತೆಗೆದುಕೊಂಡು ಹೋಗಬಾರದೇ? ಆಯಿಲ್ ಏಕೆ ಹೊಯ್ಯಬೇಕು?"

"ಬರಿಗೈಯಲ್ಲಿ ಯಾರ ಮನೆಗೂ ಹೋದವನಲ್ಲ ನನ್ನಪ್ಪ."

ಮೊಣಕಾಲು ನೋವನ್ನೂ ಮರೆತು ಅವಳೇ ಕೋಟನ್ನು ಹೊತ್ತು ಹೋಗಿ, ಸುತ್ತು ಬರೆದು ಸುಟ್ಟಳು. "ಅಪ್ಪ, ತಗೋ. ಇನ್ನು ಹೊಯ್ಯಬೇಡ" ಎಂದು ಬೇಡಿಕೊಂಡಳು.

ಮುಂದಿನ ಭಾನುವಾರ ಆಯಿಲ್ ಇನ್ನೂ ಅರ್ಧ ಬೆರಳು ಏರಿತ್ತು. ಸಕ್ಕರೆಯೂ.

ಈಗ ಯೂಚಿನ್ನಳ ಮುಖವೂ ಬಿಳುಪೇರಿತು. "ಅಪ್ಪನಿಗೆ ಬೇಕಾದದ್ದು ಕೋಟಲ್ಲ," ಎಂದಳು ಪಿಸುದನಿಯಲ್ಲಿ. "ಬೇರೇನೋ ಹೇಳುತ್ತಿದ್ದಾನೆ."

ಇಬ್ಬರೂ ಕಾರನ್ನು ಪೆಯ್ ಮೇಸ್ತ್ರಿಯ ಗ್ಯಾರೇಜಿಗೆ ಒಯ್ದರು. ಆತ ಮಾವನ ಕೈಯಲ್ಲೇ ಕಸುಬು ಕಲಿತವನು. ಕಡ್ಡಿ ಎಳೆದು ಮೂಸಿ ನಕ್ಕ.

"ದೆವ್ವವಲ್ಲ ಅಕ್ಕ, ಪೆಟ್ರೋಲು. ಈ ಟರ್ಬೊ ಎಂಜಿನ್ ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುತ್ತದೆ. ಚಳಿಯಲ್ಲಿ ಉರಿಯದೆ ಉಳಿದದ್ದು ಗೋಡೆಯಗುಂಟ ಜಾರಿ ಕೆಳಗೆ ಆಯಿಲಿಗೆ ಸೇರುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಆವಿಯಾಗಿ ಹೋಗುತ್ತದೆ. ದಿನಾ ಒಂದು ಕಿಲೋಮೀಟರು ಓಡಿಸಿ, ಕಾಯುವ ಮೊದಲೇ ನಿಲ್ಲಿಸುವವರಿಗೆ ಮಾತ್ರ ಹೀಗಾಗುವುದು. ಇದನ್ನು ಹೆಚ್ಚಿದ್ದು ಎನ್ನಬೇಡಿ, ಆಯಿಲ್ ನೀರಾಗಿದೆ."

"ಹಾಗಾದರೆ ದೆವ್ವವೇ," ಎಂದಳು ಯೂಚಿನ್. "ನಮ್ಮ ಕಾರು ಅಂಗಳ ಬಿಟ್ಟು ಅಲುಗುವುದೇ ಇಲ್ಲ. ಇವನು ದಿನಾ ನಡೆದೇ ಹೋಗುತ್ತಾನೆ."

ಪಾಂಗರು ಗೋಡೆಯ ಮೇಲಿನ ಟೈರುಗಳನ್ನು ಎಣಿಸತೊಡಗಿದರು.

ಪೆಯ್ ಕಾರಿನೊಳಗೆ ಬಗ್ಗಿದ. ಚಾಲಕನ ಸೀಟಿನ ಸಂದಿಯಿಂದ ಕರಿದ ಹಿಟ್ಟಿನ ಕೋಲಿನ ತುಂಡೊಂದು ಹೊರಬಂತು. ಅದರ ಹಿಂದೆ ಸೋಯಾ ಹಾಲು ಕುಡಿದ ಕಾಗದದ ಲೋಟಗಳು, ಒಂದರೊಳಗೊಂದು ಹದಿನಾಲ್ಕು.

"ಭಾವ," ಎಂದ ಪೆಯ್ ವಿನಯದಿಂದ, "ನಮ್ಮ ಗುರುಗಳು ತೀರಿಕೊಂಡ ಮೇಲೆ ತಿಂಡಿ ಅಂಗಡಿಗೆ ಹೋಗುವುದನ್ನು ಶುರು ಮಾಡಿದರೇ?"

ಯೂಚಿನ್ ಕೂಗಲಿಲ್ಲ. ಪಾಂಗರಿಗೆ ದೆವ್ವಕ್ಕಿಂತ ಭಯ ಹುಟ್ಟಿಸಿದ್ದು ಅದೇ. ಕೈ ಚಾಚಿದಳು, ಕೀಲಿಕೈ ಅವಳ ಕೈಸೇರಿತು.

"ಹೊಸ ಆಯಿಲ್ ಹಾಕುತ್ತೇನೆ," ಎಂದ ಪೆಯ್. "ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿ ಅಕ್ಕ. ಎಂಜಿನ್ ಬೆವರಬೇಕು."

"ಎರಡೂ ಬೆವರುತ್ತವೆ," ಎಂದಳು ಯೂಚಿನ್ ಗಂಡನತ್ತ ನೋಡಿ.

ಮರುದಿನ ಬೆಳಿಗ್ಗೆ ಅವಳೇ ಗಂಡನನ್ನು ಅಂಗಳದವರೆಗೆ ಬಿಡಲು ಬಂದಳು. ಹೊದಿಕೆಯಿಲ್ಲದೆ ನಿಂತಿದ್ದ ಕಾರಿನ ಮೈಯೆಲ್ಲ ದಪ್ಪನೆಯ ಹಿಮ. ಬಾನೆಟ್ಟಿನ ಮೇಲೆ ಮಾತ್ರ ಕೋಟಿನ ಆಕಾರದಲ್ಲಿ ಒಂದು ಹರಳೂ ಕೂತಿರಲಿಲ್ಲ. ಒಂದು ತೋಳು ಮಡಿಚಿತ್ತು. ಇನ್ನೊಂದು ಗೇಟಿನತ್ತ ಚಾಚಿತ್ತು.

"ಯೂಚಿನ್... ನೀನು ಒರೆಸಿದೆಯಾ?"

"ನಾನೇಕೆ ಒರೆಸಲಿ?" ಅವಳು ಕಣ್ಣೊರೆಸಿಕೊಂಡಳು. "ಅಪ್ಪ ದಾರಿ ತೋರಿಸುತ್ತಿದ್ದಾನೆ. ನಡಿ."

ಪಾಂಗರು ನಡೆದರು. ತಿಂಡಿ ಅಂಗಡಿಯ ಬಾಣಲೆ ಚುಂಯ್ ಎಂದು ಕರೆದರೂ ಕತ್ತು ಹೊರಳಿಸಲಿಲ್ಲ. ಹೆಜ್ಜೆ ಇನ್ನಷ್ಟು ಬಿರುಸಾಯಿತು. ಏಕೆಂದರೆ ಹಿಂದಿನ ಮಂಜಿನಲ್ಲಿ, ಯಾವ ವಾಹನವೂ ಇಲ್ಲದ ಆ ದಾರಿಯಲ್ಲಿ, ಪೆಟ್ರೋಲಿನ ವಾಸನೆಯೊಂದು ಸರಿಯಾಗಿ ನಾಲ್ಕು ಹೆಜ್ಜೆ ಅಂತರ ಬಿಟ್ಟು ಅವರ ಜೊತೆಯೇ ಬರುತ್ತಿತ್ತು.