‘ರೀ’ ಅಂದರೆ ಯಾರು?

ಬೇರೆಯವರು ಹನಿಮೂನಿಗೆ ಹೋದರೆ ಚಾಕಲೇಟು ತರುತ್ತಾರೆ, ಸೆಂಟು ತರುತ್ತಾರೆ. ನಾವು ಮಾತ್ರ ಮನೆಗೆ ನೆಂಟರು ಬಂದಾಗಲೆಲ್ಲ ಹೇಳಬೇಕಾಗುವ ಕಥೆಗಳನ್ನು ತಂದೆವು. ಹಾಗಂತ ನಾವೇನೂ ಫಜೀತಿ ಹುಡುಕಿಕೊಂಡು ಹೋಗುವವರಲ್ಲ. ನಮ್ಮ ಪಾಡಿಗೆ ನಾವು ನಿಂತಿರುತ್ತೇವೆ, ಅದೇ ನಮ್ಮ ವಿಳಾಸ ಕೇಳಿಕೊಂಡು ಬರುತ್ತದೆ.

ಎರಡು ಹೆಸರಿನ ವಿಷಯ

ಮೊದಲು ನಮ್ಮಿಬ್ಬರ ಹೆಸರಿನ ವಿಷಯ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮಪ್ಪ ಕೊಪ್ಪಳದ ಕಡೆಯವರು, ಬಾಲಾನಗರದ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ನಾನು ಹುಟ್ಟಿ ಬೆಳೆದದ್ದು ಹೈದರಾಬಾದಿನಲ್ಲೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಆಟೋ ಹತ್ತಿದರೆ ಹಿಂದಿ. ಗಂಡನ ಮನೆಯವರೂ ನಮ್ಮ ಕಡೆಯವರೇ, ಮನೆ ಅದೇ ಊರಿನ ದಿಲ್‌ಸುಖ್‌ನಗರದಲ್ಲಿ. ಅವರಿಗೆ ಮಾದಾಪುರದಲ್ಲಿ ಸಾಫ್ಟ್‌ವೇರ್ ಕೆಲಸ. ಆಗ ಮಾದಾಪುರದಲ್ಲಿ ಎತ್ತ ನೋಡಿದರೂ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಕೊರಳಲ್ಲಿ ಕಂಪನಿಯ ಐಡಿ ಕಾರ್ಡು ತೂಗುತ್ತಿದ್ದವನಿಗೆ ಬ್ಯಾಂಕಿನವರು ಕುರ್ಚಿ ಕೊಡುತ್ತಿದ್ದರು, ಹೆಣ್ಣು ಹೆತ್ತವರು ಚಹಾ ಕೊಡುತ್ತಿದ್ದರು. ನಮ್ಮವರು ಆ ಕಾರ್ಡನ್ನು ಬಾಸಿಂಗ ಕಟ್ಟುವಾಗ ಮಾತ್ರ ತೆಗೆದಿದ್ದರು.

ಮದುವೆಯಲ್ಲಿ ಅತ್ತೆ ತಾಟಿನ ತುಂಬ ಅಕ್ಕಿ ಹರವಿ, ಉಂಗುರದಿಂದ ನನ್ನ ಹೊಸ ಹೆಸರು ಬರೆಸಿದರು. ಅಲ್ಲಿಯವರೆಗೆ ಸುನೀತಾ ಆಗಿದ್ದವಳು ಭಾಗ್ಯಶ್ರೀ ಆದೆ. ಆಮೇಲೆ ಆ ಅಕ್ಕಿ ಅಡುಗೆಗೆ ಹೋಯಿತು, ಹೆಸರು ನನ್ನ ತಲೆಯಿಂದ ಹೋಯಿತು. ನೆನಪಿಸುವವರೂ ಇರಲಿಲ್ಲ. ನಮ್ಮವರು ನನ್ನನ್ನು “ನೋಡಿಲ್ಲಿ” ಎಂದೇ ಕರೆಯುತ್ತಿದ್ದರು.

ಇನ್ನು ಅವರ ಹೆಸರು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಹಾಗೇ ಹೇಳುವಂತಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮಜ್ಜಿ ಸಣ್ಣಂದಿನಿಂದ ಹೆದರಿಸಿಟ್ಟಿದ್ದಳು. ಹೇಳಲೇಬೇಕೆಂದರೆ ಒಡಪು ಹಾಕಬೇಕು. ಅಂದರೆ ಪ್ರಾಸ ಕಟ್ಟಿ, ಅದರ ತುದಿಗೆ ಹೆಸರು ಸೇರಿಸಬೇಕು. ಮನೆ ತುಂಬಿಸಿಕೊಳ್ಳುವಾಗ ನಾದಿನಿ ಬಾಗಿಲಿಗೆ ಅಡ್ಡ ನಿಂತು “ಒಡಪು ಹೇಳ್ರಿ ವೈನಿ, ಆಮ್ಯಾಲೆ ಒಳಗ ಬರ್ರಿ” ಎಂದಳು. ನನ್ನ ಬಾಯಿ ಕಟ್ಟಿತು. ಕಡೆಗೆ ಅವಳೇ ನನ್ನ ಪರವಾಗಿ ಹೇಳಿ ಒಳಗೆ ಬಿಟ್ಟುಕೊಂಡಳು. ಎಲ್ಲರೂ ನಕ್ಕರು. ನಮ್ಮವರು ಮಾತ್ರ ನಗಲಿಲ್ಲ.

ಸಿಂಗಾಪುರದ ವಿಮಾನ ಹತ್ತಿದ ಮೇಲೆ ಅವರು ಮನಸ್ಸು ಬಿಚ್ಚಿದರು.

“ನಂದು ಒಂದs ಆಸೆ ಐತಿ. ಒಮ್ಮೆ ನನ್ನ ಹೆಸರು ಹಿಡಿದು ಕರಿ. ನಮ್ಮ ಆಫೀಸಿನವರ ಹೆಂಡ್ರೆಲ್ಲಾ ಕರೀತಾರ.”

“ನನಗ ಆಗೂದಿಲ್ರಿ.”

“ನೋಡು, ಮತ್ತ ರೀ! ರೀ ಅನ್ನೂದು ಹೆಸರೇನು? ಹಾಲಿನಾಂವಗೂ ರೀ ಅಂತಿ, ಕಂಡಕ್ಟರಗೂ ರೀ ಅಂತಿ. ಬಜಾರದಾಗ ನಿಂತು ರೀ ಅಂದ್ರ ಅರ್ಧ ಮಂದಿ ತಿರುಗಿ ನೋಡ್ತಾರ. ಅದರಾಗ ನಾ ಯಾರು?”

ತಮಾಷೆಗೆ ಹೇಳಿದ ಮಾತಲ್ಲ ಅದು. ನನಗೆ ಪಾಪ ಅನಿಸಿತು. ಆಯುಷ್ಯದ ವಿಚಾರ ದೇವರು ನೋಡಿಕೊಳ್ಳಲಿ, ಹೇಳಿಯೇ ಬಿಡೋಣ ಎಂದು ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡು, ಬಾಯಿ ತೆರೆದೆ. ಅಷ್ಟರಲ್ಲಿ ಗಗನಸಖಿ ಬಂದು ಊಟಕ್ಕೆ ಕೋಳಿಯೋ ತರಕಾರಿಯೋ ಎಂದು ಕೇಳಿದಳು. ತೆರೆದ ಬಾಯಿಂದ “ತರಕಾರಿ” ಬಂತು.

ತಟ್ಟೆ

ಮರುದಿನ ಥೀಮ್ ಪಾರ್ಕು. ಪರದೇಶದಲ್ಲಿ ಮಗ ಉಪವಾಸ ಬೀಳಬಾರದೆಂದು ಅತ್ತೆ ಒಂದು ಕಟ್ಟು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಕೊಟ್ಟಿದ್ದರು. ಗೇಟಿನಲ್ಲಿ ಕಾವಲುಗಾರ ಚೀಲ ತೆರೆಸಿದ. ಹೊರಗಿನ ತಿಂಡಿ ಒಳಗೆ ಒಯ್ಯುವಂತಿಲ್ಲ ಎಂದ. ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಜೋರಾಗಿ ಸೀನಿ, ಔಷಧಿ ಎಂದು ತಾನೇ ತೀರ್ಮಾನಿಸಿ ಪಕ್ಕಕ್ಕಿಟ್ಟ. ಆಮೇಲೆ ಒಂದು ರೊಟ್ಟಿ ಎತ್ತಿ ಬೆರಳಿನಿಂದ ಬಾರಿಸಿದ. ಟಣ್ ಎಂದಿತು.

“ಇವು ತಟ್ಟೆಗಳೇ?” ಎಂದು ಕೇಳಿದ.

ನಮ್ಮವರು ಸುಳ್ಳು ಹೇಳುವವರಲ್ಲ. “ಇದರ ಮೇಲೆ ಪಲ್ಯ ಹಾಕಿಕೊಂಡು ಊಟ ಮಾಡುತ್ತೇವೆ” ಎಂದು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ತಟ್ಟೆಗೆ ಅಡ್ಡಿಯಿಲ್ಲ ಎಂದು ಒಳಗೆ ಬಿಟ್ಟ.

ಮಧ್ಯಾಹ್ನ ಒಂದು ಮರದ ಕೆಳಗೆ ಕೂತು, ತಟ್ಟೆ ಮುರಿದು ಔಷಧಿಗೆ ಅದ್ದಿ ತಿನ್ನುತ್ತಿದ್ದೆವು. ಅದೇ ಕಾವಲುಗಾರ ಆ ಕಡೆ ಬಂದ. ಬಹಳ ಹೊತ್ತು ನಿಂತು ನೋಡಿದ. ನಮ್ಮವರು ಗಾಬರಿಯಿಂದ ಅವನ ಕೈಗೂ ಒಂದು ತಟ್ಟೆ ಕೊಟ್ಟರು. ಅವನು ಅಂಚಿನಿಂದ ಕಡಿಯುತ್ತ ಕಡಿಯುತ್ತ ಪೂರ್ತಿ ತಟ್ಟೆ ಮುಗಿಸಿದ. ಕೈ ಝಾಡಿಸಿಕೊಂಡು ಕೇಳಿದ:

“ಹಾಗಾದರೆ ನಿಮ್ಮ ದೇಶದಲ್ಲಿ ಪಾತ್ರೆ ತೊಳೆಯುವ ಪದ್ಧತಿಯೇ ಇಲ್ಲವೇ?”

ಕೈ ಹಿಡಿದವಳು

ಊಟವಾದ ಮೇಲೆ ರೋಲರ್ ಕೋಸ್ಟರ್. ಒಂದು ಸಾಲಿಗೆ ಮೂರು ಸೀಟು. ನಡುವೆ ನಮ್ಮವರು, ಬಲಕ್ಕೆ ನಾನು, ಎಡಕ್ಕೆ ಒಬ್ಬ ಚೀನೀ ಅಜ್ಜಿ. ನನಗೆ ಮನಸ್ಸಿನಲ್ಲಿ ಒಂದು ಲೆಕ್ಕವಿತ್ತು. ಹೆದರಿದಾಗ ಮನುಷ್ಯನ ಬಾಯಿಂದ ಏನಾದರೂ ಬರುತ್ತದೆ, ಗಾಡಿ ಕೆಳಗೆ ಬೀಳುವಾಗ ಅವರ ಹೆಸರು ಕೂಗಿಬಿಡುತ್ತೇನೆ. ಅವರ ಆಸೆಯೂ ತೀರುತ್ತದೆ, ಗಾಳಿಯ ಸದ್ದಿನಲ್ಲಿ ನಮ್ಮಜ್ಜಿಯ ಶಾಪವೂ ತಟ್ಟುವುದಿಲ್ಲ.

ಗಾಡಿ ತುದಿಗೇರಿತು. ಕೆಳಗೆ ಬಿತ್ತು. ನಾನು “ಅವ್ವಾ” ಎಂದು ಕೂಗಿದೆ. ಅವರೂ “ಯವ್ವಾ” ಎಂದು ಕೂಗಿದರು. ಚೀನೀ ಅಜ್ಜಿಯೂ ತನ್ನ ಭಾಷೆಯಲ್ಲಿ ಏನೋ ಕೂಗಿದಳು, ಅದೂ ಬಹುಶಃ ಅದೇ ಇರಬೇಕು.

ಇಳಿದಾಗ ಅಲ್ಲೇ ತೆಗೆದ ಫೋಟೋ ಸಿದ್ಧವಾಗಿತ್ತು. ನಾನು ಕಣ್ಣು ಬಿಟ್ಟಿದ್ದೇನೆ, ಅವರು ಕಣ್ಣು ಮುಚ್ಚಿದ್ದಾರೆ, ಐಡಿ ಕಾರ್ಡು ಹಾರಿ ಅವರ ಬಾಯಿಗೆ ಸಿಕ್ಕಿಕೊಂಡಿದೆ. ಎರಡೂ ಕೈಯಿಂದ ಕೈ ಹಿಡಿದುಕೊಂಡಿದ್ದಾರೆ. ನನ್ನದಲ್ಲ, ಚೀನೀ ಅಜ್ಜಿಯದು.

ಹನಿಮೂನಿನ ನೆನಪಿಗೆ ಇರಲಿ ಎಂದು ಅದನ್ನೇ ತಂದೆವು. ದಿಲ್‌ಸುಖ್‌ನಗರದಲ್ಲಿ ಅತ್ತೆ ಕನ್ನಡಕ ಹಾಕಿಕೊಂಡು ಫೋಟೋ ನೋಡಿದರು. ನನ್ನನ್ನು ನೋಡಿದರು. ಮತ್ತೆ ಫೋಟೋ ನೋಡಿದರು.

“ಮದುವ್ಯಾಗ ನಾವು ತಂದಾಕಿ ಈಕಿ. ಅಲ್ಲಿ ಕೈ ಹಿಡಿದಾಕಿ ಯಾರೋ?”

ಆನೆ

ಅಲ್ಲಿ ಪಾರ್ಕಿನಲ್ಲಿ ಫೋಟೋ ಕೈಗೆ ಬಂದಾಗಲೇ ನಮ್ಮವರಿಗೂ ನಾಚಿಕೆಯಾಗಿತ್ತು. ಸಮಾಧಾನಕ್ಕೆ ಐಸ್‌ಕ್ರೀಮ್ ತರುತ್ತೇನೆ ಎಂದು ಹೊರಟರು. ಅಲ್ಲೊಂದು ದೊಡ್ಡ ಆನೆ ಇತ್ತು, ಬಣ್ಣ ಹಚ್ಚಿದ್ದು, ಎರಡಾಳು ಎತ್ತರದ್ದು.

“ಈ ಆನಿ ಬಿಟ್ಟು ಎಲ್ಲೂ ಹೋಗಬ್ಯಾಡ. ಇದರ ಬಾಜೂಕs ನಿಂತಿರು” ಎಂದರು.

ನಿಂತೆ. ಸ್ವಲ್ಪ ಹೊತ್ತಿಗೆ ಬ್ಯಾಂಡು ಬಾರಿಸತೊಡಗಿತು. ಆನೆ ಹೊರಟಿತು. ಅದಕ್ಕೆ ಚಕ್ರಗಳಿದ್ದವು, ಅದು ಮೆರವಣಿಗೆಯ ಆನೆ. ನನಗೆ ಬೇರೆ ಯೋಚನೆ ಹೊಳೆಯಲಿಲ್ಲ. ಆನೆಯನ್ನು ಬಿಟ್ಟು ಹೋಗಬೇಡ ಎಂದಿದ್ದರು. ಆನೆಯ ಜೊತೆ ಹೊರಟೆ. ದಾರಿಯುದ್ದಕ್ಕೂ ಜನ ನನ್ನತ್ತ ಕೈ ಬೀಸಿದರು, ನಾನೂ ಬೀಸಿದೆ. ಪಾರ್ಕಿನ ಇನ್ನೊಂದು ತುದಿಯ ಶೆಡ್ಡಿನೊಳಗೆ ಆನೆ ಹೋಯಿತು, ನನ್ನನ್ನು ಬಾಗಿಲಲ್ಲೇ ತಡೆದರು. ಆಗ ಗೊತ್ತಾಯಿತು, ಗಂಡ ಇಲ್ಲ. ಫೋನೂ ಪಾಸ್‌ಪೋರ್ಟೂ ಅವರ ಬಳಿಯೇ ಇದ್ದವು.

ಬೆಂಚಿನ ಮೇಲೆ ಕೂತು ಅಳಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗ ಧ್ವನಿವರ್ಧಕದಲ್ಲಿ ಬಂತು: “ಹೈದರಾಬಾದಿನ ಶ್ರೀಮತಿ ಭಾಗ್ಯಶ್ರೀ ಅವರು ಎಲ್ಲಿದ್ದರೂ ಮುಖ್ಯದ್ವಾರಕ್ಕೆ ಬರಬೇಕು. ನಿಮ್ಮ ಪತಿ ಕಾಯುತ್ತಿದ್ದಾರೆ.” ಮತ್ತೆ ಮತ್ತೆ ಬಂತು. ನನಗೆ ಸ್ವಲ್ಪ ಧೈರ್ಯವಾಯಿತು. ನಮ್ಮೂರಿನವಳೇ ಇನ್ನೊಬ್ಬಳು ಕಳೆದುಹೋಗಿದ್ದಾಳೆ, ನಾನೊಬ್ಬಳೇ ಅಲ್ಲ. ಪರದೇಶಕ್ಕೆ ಬಂದು ಇಷ್ಟು ಕೂಗಿದರೂ ಗಂಡನ ಹತ್ತಿರ ಹೋಗದ ಆ ಭಾಗ್ಯಶ್ರೀಯ ಮೇಲೆ ಸಿಟ್ಟೂ ಬಂತು.

ಕಡೆಗೆ ಕಳೆದುಹೋದ ಮಕ್ಕಳ ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗಿ ನನ್ನನ್ನು ಕೂರಿಸಿ, ಕೈಗೆ ಒಂದು ಬಲೂನು ಕೊಟ್ಟು, ಹೆಸರು ಕೇಳಿದಳು.

“ಸುನೀತಾ.”

“ಸುನೀತಾ ಎಂಬವರನ್ನು ಯಾರೂ ಹುಡುಕುತ್ತಿಲ್ಲ. ನೀವು ಭಾಗ್ಯಶ್ರೀ ಅಲ್ಲವೇ?”

“ಅಲ್ಲ” ಎಂದೆ, ಸ್ವಲ್ಪ ಬಿಗುವಿನಿಂದಲೇ.

“ಆಕೆಯ ಗಂಡ ಪಾಪ ತುಂಬ ಗಾಬರಿಯಾಗಿದ್ದಾರೆ. ಕನ್ನಡಕ, ಎರಡೂ ಕೈಯಲ್ಲಿ ಐಸ್‌ಕ್ರೀಮ್, ಕೊರಳಲ್ಲಿ ಆಫೀಸಿನ ಕಾರ್ಡು...”

ಆಗ ನನಗೆ ಅಕ್ಕಿಯ ತಾಟು ನೆನಪಾಯಿತು.

“ಭಾಗ್ಯಶ್ರೀ ನಾನೇ” ಎಂದೆ. ಹುಡುಗಿ ಬಲೂನನ್ನು ಇನ್ನೂ ಭದ್ರವಾಗಿ ನನ್ನ ಕೈಗೆ ಕಟ್ಟಿದಳು.

ಮುಖ್ಯದ್ವಾರಕ್ಕೆ ಫೋನು ಮಾಡಿದರೆ ನಮ್ಮವರು ನನ್ನನ್ನು ಹುಡುಕಿಕೊಂಡು ಅಲ್ಲಿಂದ ಹೊರಟುಬಿಟ್ಟಿದ್ದರು. ಇನ್ನು ಅವರನ್ನೇ ಕೂಗಿ ಕರೆಯಬೇಕು. ಹೆಸರೇನು ಎಂದಳು. ಬಾಯಿಂದ ಹೇಳುವಂತಿಲ್ಲವಲ್ಲ. ಬರೆದುಕೊಟ್ಟೆ. ಅವಳು ಧ್ವನಿವರ್ಧಕದಲ್ಲಿ “ಶಿರಿನಿ ವಶಾ” ಎಂದು ಕೂಗಿದಳು. ಯಾರೂ ಬರಲಿಲ್ಲ. ಮೈಕನ್ನೇ ನನ್ನ ಮುಂದಿಟ್ಟು “ನಿಮ್ಮ ಭಾಷೆಯಲ್ಲಿ ನೀವೇ ಕರೆಯಿರಿ” ಎಂದಳು.

ಹೊರಗೆ ಸಾವಿರಾರು ಜನ. ಅದರಲ್ಲೆಲ್ಲೋ ಅವರು, ಕರಗುವ ಐಸ್‌ಕ್ರೀಮ್ ಹಿಡಿದು, ನನ್ನನ್ನು ಹುಡುಕುತ್ತ. ನನಗೆ ಅಳು ಬಂತು. ಬಾಗಿಲಲ್ಲಿ ಬಾರದ ಒಡಪು ಅಲ್ಲಿ ತಾನಾಗಿ ಬಂತು:

“ದೇಶ ಬಿಟ್ಟು ದೇಶಕ್ಕ ಬಂದು ಮಾಡೀವಿ ಪ್ರವಾಸ,
ಹೇಳದs ಕೇಳದs ಕಳದ ಹೋಗ್ಯಾರ ನಮ್ಮ ಶ್ರೀನಿವಾಸ!”

ರೋಲರ್ ಕೋಸ್ಟರಿನಿಂದ ಯಾರೋ ಚಪ್ಪಾಳೆ ತಟ್ಟಿದರು.

ಹುಡುಗಿ ನನಗೆ ನೀರು ತರಲು ಒಳಗೆ ಹೋದಳು. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಕಣ್ಣು ಒರೆಸಿಕೊಂಡು ತಲೆ ಎತ್ತಿದರೆ, ಕೌಂಟರಿನ ಮುಂದೆ ನನಗೆ ಬೆನ್ನು ಹಾಕಿ ಮೂವರು ಗಂಡಸರು ಏದುಸಿರು ಬಿಡುತ್ತ ನಿಂತಿದ್ದರು. ಒಬ್ಬ ತೆಲುಗಿನಲ್ಲಿ “ನನ್ನು ಪಿಲಿಚಾರಾ?”, ನನ್ನನ್ನು ಕರೆದಿರಾ, ಎಂದು ಕೇಳುತ್ತಿದ್ದ, ಇನ್ನೊಬ್ಬ “ಕಾದಂಡಿ, ನನ್ನು”, ಅಲ್ಲ ನನ್ನನ್ನು, ಎಂದು ವಾದಿಸುತ್ತಿದ್ದ. ಆ ವರ್ಷ ಹೈದರಾಬಾದಿನ ಸಾಫ್ಟ್‌ವೇರ್‌ನವರೆಲ್ಲ ಹನಿಮೂನಿಗೆ ಅಲ್ಲಿಗೇ ಬರುತ್ತಿದ್ದರು, ಅದರಲ್ಲಿ ಶ್ರೀನಿವಾಸರಿಗೇನು ಬರವೇ? ಮೂವರ ಕತ್ತಿನ ಹಿಂದೆಯೂ ಐಡಿ ಕಾರ್ಡಿನ ಪಟ್ಟಿ. ಮೂವರದೂ ಒಂದೇ ತರಹದ ಅಂಗಿ. ಬೆನ್ನು ನೋಡಿ ಗುರುತು ಹಿಡಿಯುವಷ್ಟು ಹಳೆಯ ಮದುವೆ ನಮ್ಮದಲ್ಲ.

ಹೇಗೂ ಪಾರ್ಕಿಗೆಲ್ಲ ಕೇಳುವಂತೆ ಹೇಳಿಯಾಗಿತ್ತು. ಇನ್ನೆಂಥ ನಾಚಿಕೆ ಎಂದು, ಪ್ರಾಸ ಇಲ್ಲದೆ, ನಮ್ಮಜ್ಜಿಯ ಹೆದರಿಕೆ ಇಲ್ಲದೆ, ಬಾಯಿ ತುಂಬ ಕರೆದೆ:

“ಶ್ರೀನಿವಾಸ!”

ಮೂವರೂ ಒಟ್ಟಿಗೆ ತಿರುಗಿದರು. ಮೂವರೂ ಒಟ್ಟಿಗೆ “ಆಂ?” ಎಂದರು.

ನಡುವಿನವರು ನಮ್ಮವರು. ಐಸ್‌ಕ್ರೀಮ್ ಮೊಣಕೈವರೆಗೆ ಇಳಿದಿತ್ತು, ಕಣ್ಣು ಕೆಂಪಾಗಿತ್ತು. ಅಷ್ಟು ದಿನದಿಂದ ಕಾದ ಹೆಸರು ಕೇಳಿಸಿತ್ತು. ಎಡಕ್ಕೊಮ್ಮೆ ನೋಡಿದರು, ಬಲಕ್ಕೊಮ್ಮೆ ನೋಡಿದರು, ನಿಂತಲ್ಲೇ ನಿಂತರು.

“ಇದರಾಗ ನಾ ಯಾರು?” ಎಂದರು.

“ರೀ” ಎಂದೆ.

ಒಬ್ಬರೇ ಬಂದರು.