ಎದುರಂಗಡಿಯ ಐದು ದನಿ

ಹೊಟ್ಟೆಕಿಚ್ಚು ಇದ್ದವನ ಬಾಳಿನಲ್ಲಿ ನಗೆಪಾಟಲಿಗೆ ಬರಗಾಲವಿಲ್ಲ. ನರಗುಂದದ ಪೇಟೆಯಲ್ಲಿ ನನ್ನದು ಮೈಕ್ ಸೆಟ್ಟಿನ ಅಂಗಡಿ. ಎದುರಿಗೆ ಟಿ.ವಿ. ಮಾರುವವನೊಬ್ಬ. ಡಿವಿಡಿ ಬಂದ ಹೊಸತರಲ್ಲಿ ಅವನು ಹೋಮ್ ಥಿಯೇಟರ್ ತರಿಸಿದ. ಸಾಲದ್ದಕ್ಕೆ, ಮದುವೆಗಳ ಮೈಕಿನ ಕೆಲಸವನ್ನೂ ತಾನೇ ಹಿಡಿಯುತ್ತೇನೆಂದು ಹೇಳಿಕೊಂಡು ತಿರುಗಿದ. ಅಂದಿನಿಂದ ನನಗೆ ಊಟ ರುಚಿಸಲಿಲ್ಲ.

೧. ಕುದುರೆಗೆ ದಾರಿ

ಅವನ ಅಂಗಡಿಯ ನಡುವೆ ಒಂದು ಕುರ್ಚಿ, ಸುತ್ತ ಐದು ಸ್ಪೀಕರು, ಒಂದೊಂದರಲ್ಲಿ ಒಂದೊಂದು ಸದ್ದು. ಊರೇ ಕೇಳಲು ಹೋಗುತ್ತಿತ್ತು. ನಾನೂ ಹೋದೆ, ಹುಳುಕು ಹುಡುಕಲು. ಕುರ್ಚಿಯಲ್ಲಿ ಕೂತದ್ದೇ ತಡ, ಬೆನ್ನ ಹಿಂದೆ ಕುದುರೆ ಓಡಿಬಂತು. ಎದ್ದು ಪಕ್ಕಕ್ಕೆ ಹಾರಿದೆ.

"ಹೆದರಬ್ಯಾಡ್ರಿ, ಸ್ಪೀಕರ್ ಅದು," ಎಂದು ಅವನು ನಕ್ಕ.

"ಹೆದರೂದ್ಯಾಕ? ಕುದರಿಗೆ ದಾರಿ ಬಿಟ್ಟೆ," ಎಂದು ಧೋತರ ಝಾಡಿಸಿಕೊಂಡು ಹೊರಬಂದೆ.

೨. ಹಿಂದಿನಿಂದ ಕೇಳಿದವಳು

ಚಿಕ್ಕನರಗುಂದದ ಗೌಡರೊಬ್ಬರು ಆ ಸೆಟ್ಟು ಒಯ್ಯಲು ಬಂದರು. ಪೆಟ್ಟಿಗೆ ಹಿಡಿದು ಹೊಸ್ತಿಲು ದಾಟುವಾಗ, ಒಳಗೆ ಓಡುತ್ತಿದ್ದ ಸಿನಿಮಾದ ಹೆಂಗಸು ಹಿಂದಿನ ಸ್ಪೀಕರಿನಿಂದ, "ಎಲ್ಲಿಗೆ ಹೊರಟಿರಿ?" ಎಂದಳು. ಹೊರಟವರನ್ನು ಹಾಗೆ ಕೇಳಬಹುದೇ? ಗೌಡರು ಕೂತು, ನೀರು ಕುಡಿದು, ಮತ್ತೆ ಎದ್ದರು. ಸಿನಿಮಾದವಳಿಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ, ಮತ್ತೆ ಕೇಳಿದಳು. ಗೌಡರು ಪೆಟ್ಟಿಗೆ ಅಲ್ಲೇ ಇಟ್ಟು ನನ್ನ ಅಂಗಡಿಗೆ ಬಂದರು.

"ನಿಮ್ಮವೂ ಹಿಂದಿಂದ ಕರೀತಾವೇನ್ರಿ?"

"ಇಲ್ರಿ ಗೌಡ್ರ, ನಮ್ಮವು ಎದುರಿಗೆ ನಿಂತ ಒದರ್ತಾವ," ಎಂದೆ. ಅಂದು ಎರಡು ತಟ್ಟೆ ಮಿರ್ಚಿ ಭಜಿ ತಿಂದೆ.

೩. ನಾಲ್ಕು ಮೂಲೆಯ ಒಡಪು

ಆದರೆ ನನ್ನ ಹೆಂಡತಿಯೂ ಅಲ್ಲಿ ಹೋಗಿ ಕೇಳಿ ಬಂದಳು. "ಐದೂ ದನಿ ಬ್ಯಾರೆ ಬ್ಯಾರೆ ತಿಳೀತಾವ ನೋಡ್ರಿ. ನಿಮ್ಮ ಮೈಕಿನಾಗ ಒಬ್ಬರು ಮಾತಾಡಿದ್ದೂ ತಿಳಿಯೂದಿಲ್ಲ," ಎಂದಳು. ಬೇರೆ ಯಾರಾದರೂ ಅಂದಿದ್ದರೆ ಸಹಿಸುತ್ತಿದ್ದೆ. ನನ್ನ ಮೈಕಿನಲ್ಲೂ ದನಿಗಳನ್ನು ಬೇರೆ ಬೇರೆ ಕೇಳಿಸಿಯೇ ತೀರುತ್ತೇನೆಂದು ಹಟ ತೊಟ್ಟೆ.

ಗಜೇಂದ್ರಗಡದಲ್ಲಿ ದೊಡ್ಡ ವ್ಯಾಪಾರಿಯೊಬ್ಬರ ಮಗಳ ಮದುವೆ. ಮೈಕು ನನ್ನದು. ಅಲ್ಲಿ ಮೆಚ್ಚಿದರೆ ಆ ಹಂಗಾಮಿನ ಮದುವೆಗಳೆಲ್ಲ ನನ್ನವು, ಇಲ್ಲವಾದರೆ ಎದುರಂಗಡಿಯವನವು. ಅವನೂ ಹೆಂಡತಿಯೊಡನೆ ಊಟಕ್ಕೆ ಬಂದಿದ್ದ. ಚಪ್ಪರದ ನಾಲ್ಕು ಮೂಲೆಗೂ ಒಂದೊಂದು ಮೈಕು, ಒಂದೊಂದು ಹಾರ್ನು ಕಟ್ಟಿದೆ. ಹೆಂಗಸರು ಒಡಪು ಕಟ್ಟಿ ಗಂಡನ ಹೆಸರು ಹೇಳುವ ಹೊತ್ತು ಬಂತು. "ಸರದಿ ಯಾಕ್ರಿ? ಇಬ್ಬಿಬ್ಬರು ಕೂಡೇ ಹೇಳ್ರಿ, ಬ್ಯಾರೆ ಬ್ಯಾರೆ ಕೇಳಸ್ತೈತಿ," ಎಂದು ಜಂಬ ಕೊಚ್ಚಿದೆ. ಮೊದಲ ಜೋಡಿ, ಈ ಮೂಲೆಯಲ್ಲಿ ನನ್ನ ಹೆಂಡತಿ, ಆ ಮೂಲೆಯಲ್ಲಿ ಅವನ ಹೆಂಡತಿ.

"ಕಡ್ಲಿ ಹೊಲಕ್ಕ ಚೆಂದ ಹಸರ, ಕುಂಕುಮಕ್ಕ ಚೆಂದ ನಮ್ಮವರ ಹೆಸರ..." ಎಂದು ನನ್ನವಳು, ಎಲ್ಲ ಹೆಂಗಸರಂತೆ, ಹೆಸರು ಹೇಳುವ ಮುನ್ನ ನಾಚಿ ನಿಂತಳು. ಆಚೆಯವಳಿಗೆ ಒಡಪೇ ನೆನಪಾಗಲಿಲ್ಲ. ಅದೇ ಗಳಿಗೆಗೆ ಬರೀ ಗಂಡನ ಹೆಸರು ಕೂಗಿಬಿಟ್ಟಳು. ಹಾರ್ನುಗಳ ದನಿ ಚಪ್ಪರದಲ್ಲಿ ಕಲಸಿ ಒಂದೇ ಆಯಿತು. ಇಡೀ ಮದುವೆಗೆ ಕೇಳಿಸಿದ್ದು, ನನ್ನ ಹೆಂಡತಿ ಒಡಪು ಕಟ್ಟಿ ಎದುರಂಗಡಿಯವನ ಹೆಸರು ಹೇಳಿದ್ದು!

ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಮದುವೆಗಳ ಮೈಕು ಅಲ್ಲೇ ಅವನ ಪಾಲಾಯಿತು. ಅದಾದರೂ ಹೋಗಲಿ, ಅವನು ಮೀಸೆಯಡಿಯಲ್ಲಿ ನಕ್ಕದ್ದನ್ನು ನಾನು ಹೇಗೆ ಸಹಿಸಲಿ? ಮನೆಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದೆ.

"ನನ್ನ ಮ್ಯಾಲ ಯಾಕ ಸಿಟ್ರೀ?" ಎಂದಳು. "ವಾಯರ ಕೂಡಿಸಿದವರೂ ನೀವ, ಜೋಡಿ ಕೂಡಿಸಿದವರೂ ನೀವ!"